ವೈದ್ಯವೃತ್ತಿಯಿಂದ ಸಂಸತ್ತಿಗೆ: ಊಫ್ವೆ-ಬ್ವಾನಿ ಅವರ ಜೀವನಚಿತ್ರವನ್ನು ಬರೆಯುವ ಬಗೆ

ಆಫ್ರಿಕಾದ ಹಲವು ದೇಶಗಳಲ್ಲಿ ಸ್ವಾತಂತ್ರ್ಯದ ಹೊತ್ತಿಗೆ ಶಾಸನಸಭೆಗಳಲ್ಲಿ ಮುಂದಾಳುಗಳಾಗಿದ್ದವರ ನಡುವೆ ವೈದ್ಯರೂ ಔಷಧಿ ತಜ್ಞರೂ ಇದ್ದರು. ಅಂಥವರ ಪರಿಚಯವನ್ನು ಕನ್ನಡದಲ್ಲಿ ಬರೆಯಲು ಕುಳಿತವರು ಬಹುಮಟ್ಟಿಗೆ ಒಂದೇ ಜಾಡು ಹಿಡಿಯುತ್ತಾರೆ: ಹುಟ್ಟಿಗೂ ಓದಿಗೂ ಒಂದು ಪ್ಯಾರಾ, ‘ಕೆಲಕಾಲ ವೈದ್ಯರಾಗಿ ಸೇವೆ ಸಲ್ಲಿಸಿದರು’ ಎಂಬ ಒಂದು ವಾಕ್ಯ, ಅಲ್ಲಿಂದಾಚೆಗೆ ಪೂರ್ತಿ ರಾಜಕೀಯ. ಆ ಒಂದು ವಾಕ್ಯದೊಳಗೆ ಹದಿನೈದು ವರ್ಷಗಳ ಬದುಕು ಮುಚ್ಚಿಹೋಗಿರುತ್ತದೆ. ಆ ವರ್ಷಗಳನ್ನು ಬಿಚ್ಚಿ ನೋಡದೆ ಅವರು ಸಂಸತ್ತಿನಲ್ಲಿ ಮಾಡಿದ ಕೆಲಸವನ್ನು ವಿವರಿಸಲು ಆಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಬರಹವು ಅಂಥ ಜೀವನಚಿತ್ರವನ್ನು ಸಿದ್ಧಪಡಿಸುವ ಕ್ರಮವನ್ನು ಒಬ್ಬರ ಉದಾಹರಣೆಯ ಮೂಲಕ ತೋರಿಸುತ್ತದೆ. ಆರಿಸಿಕೊಂಡ ವ್ಯಕ್ತಿ ಪಶ್ಚಿಮ ಆಫ್ರಿಕಾದಲ್ಲಿ ಆಗ ಫ್ರಾನ್ಸಿನ ವಸಾಹತಾಗಿದ್ದ ಐವರಿ ಕೋಸ್ಟ್‌ನ ಫೆಲಿಕ್ಸ್ ಊಫ್ವೆ-ಬ್ವಾನಿ. ಅವರು ಸಹಾಯಕ ವೈದ್ಯರಾಗಿ ಹಳ್ಳಿಗಾಡಿನಲ್ಲಿ ದುಡಿದರು. 1945ರಲ್ಲಿ ಫ್ರಾನ್ಸಿನ ಸಂವಿಧಾನ ರಚನಾ ಸಭೆಗೆ ಆಯ್ಕೆಯಾದರು. 1946ರಲ್ಲಿ ಫ್ರಾನ್ಸಿನ ವಸಾಹತುಗಳಲ್ಲಿ ಬಲವಂತದ ದುಡಿಮೆಯನ್ನು ನಿಷೇಧಿಸಿದ ಕಾನೂನಿಗೆ ತಮ್ಮ ಹೆಸರನ್ನು ಕೊಟ್ಟರು. 1960ರಿಂದ 1993ರವರೆಗೆ ಸ್ವತಂತ್ರ ದೇಶದ ಅಧ್ಯಕ್ಷರಾಗಿದ್ದರು. ನಾಡಿನ ಜನರಿಗೆ ದೊಡ್ಡ ಬಿಡುಗಡೆಯನ್ನು ತಂದುಕೊಟ್ಟ ಸಂಸದರೂ ಅವರೇ, ಬಹುಕಾಲ ಎದುರಾಳಿಗಳಿಲ್ಲದ ಶಾಸನಸಭೆಯನ್ನು ನಡೆಸಿದ ಆಡಳಿತಗಾರರೂ ಅವರೇ. ಎರಡನ್ನೂ ಒಂದೇ ಬರಹದಲ್ಲಿ ಹಿಡಿಯಬೇಕಾಗುವುದರಿಂದ ಈ ಉದಾಹರಣೆ ಕಲಿಯುವವರಿಗೆ ಹೆಚ್ಚು ಉಪಯುಕ್ತ.

ಮೊದಲು ಪ್ರಶ್ನೆ, ಆಮೇಲೆ ಮಾಹಿತಿ

ಟಿಪ್ಪಣಿ ಮಾಡಲು ಶುರುಮಾಡುವ ಮುನ್ನ ಒಂದು ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ. ಊಫ್ವೆ ಅವರ ವಿಷಯದಲ್ಲಿ ಆ ಪ್ರಶ್ನೆ ಹೀಗಿರಬಹುದು: ವೈದ್ಯರಾಗಿ ಅವರು ಏನನ್ನು ಕಂಡಿದ್ದರಿಂದ, ಸಂಸತ್ತಿಗೆ ಹೋದ ಆರೇ ತಿಂಗಳೊಳಗೆ, ಬೇರೆ ಯಾವುದನ್ನೂ ಅಲ್ಲದೆ ಬಲವಂತದ ದುಡಿಮೆಯನ್ನೇ ಕೈಗೆತ್ತಿಕೊಂಡರು? ಈ ಪ್ರಶ್ನೆ ಮುಂದಿದ್ದರೆ ಯಾವ ವಿವರ ಬೇಕು, ಯಾವುದು ಬೇಡ ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ಅವರ ವೈಯಕ್ತಿಕ ಸಂಪತ್ತು, ಯಾಮುಸುಕ್ರೊದಲ್ಲಿ ಕಟ್ಟಿಸಿದ ಬೃಹತ್ ಬೆಸಿಲಿಕಾ, ವಿದೇಶಿ ನಾಯಕರೊಡನೆ ಅವರಿಗಿದ್ದ ಸ್ನೇಹ, ಇವೆಲ್ಲ ಓದುಗರ ಗಮನವನ್ನು ಸುಲಭವಾಗಿ ಸೆಳೆಯುವಂಥ ಸಂಗತಿಗಳೇ. ಆದರೆ ವೈದ್ಯರೊಬ್ಬರು ಸಂಸದೀಯ ನಾಯಕರಾದ ಬಗೆಯನ್ನು ಹೇಳುವ ಬರಹದಲ್ಲಿ ಅವುಗಳಿಗೆ ಹೆಚ್ಚು ಜಾಗ ಕೊಡಬೇಕಾಗಿಲ್ಲ.

ಹುಟ್ಟಿನ ವಿಚಾರದಲ್ಲಿ ಎಚ್ಚರವಿರಲಿ. 1905ರ ಅಕ್ಟೋಬರ್ 18 ಎಂಬುದು ಅಧಿಕೃತವಾಗಿ ಒಪ್ಪಿಕೊಂಡ ದಿನಾಂಕ. ಅದರ ಬಗ್ಗೆ ಚರಿತ್ರಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆದ್ದರಿಂದ ‘ಅಧಿಕೃತ ದಾಖಲೆಯ ಪ್ರಕಾರ’ ಎಂದು ಸೇರಿಸಿ ಮುಂದೆ ಹೋಗುವುದು ಸರಿಯಾದ ಕ್ರಮ. ಅವರು ಬಾವುಲೆ ಜನಾಂಗದ ಅಕುವೆ ಮುಖಂಡರ ಮನೆತನದವರು, ಹುಟ್ಟೂರು ಯಾಮುಸುಕ್ರೊ. ‘ಬ್ವಾನಿ’ ಎಂಬ ಭಾಗವನ್ನು ಅವರು ಹೆಸರಿಗೆ ಸೇರಿಸಿಕೊಂಡದ್ದು ಸಂಸತ್ತಿಗೆ ಕಾಲಿಟ್ಟ ಹೊತ್ತಿನಲ್ಲಿ. ಅದಕ್ಕೂ ಹಿಂದಿನ ಕಾಗದಪತ್ರಗಳನ್ನು ಹುಡುಕುವವರು ‘ಊಫ್ವೆ’ ಎಂಬ ಹೆಸರಿನಲ್ಲಿಯೇ ಹುಡುಕಬೇಕು. ಈ ಭಾಗಕ್ಕೆ ಇಷ್ಟು ಸಾಕು.

ವೈದ್ಯರು ಎಂದರೆ ಯಾವ ದರ್ಜೆಯ ವೈದ್ಯರು?

ಜೀವನಚಿತ್ರದ ಅಡಿಪಾಯ ಇರುವುದು ಇಲ್ಲಿ. ಹೆಚ್ಚಿನವರು ದಾಟಿಹೋಗುವ ಜಾಗವೂ ಇದೇ ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ‘ಊಫ್ವೆ ವೈದ್ಯರಾಗಿದ್ದರು’ ಎಂದು ಬರೆದರೆ ನಮ್ಮ ಓದುಗರ ಕಣ್ಣ ಮುಂದೆ ವೈದ್ಯಕೀಯ ಪದವಿ ಪಡೆದು ಸ್ವತಂತ್ರವಾಗಿ ಚಿಕಿತ್ಸೆ ಕೊಡುವ ಡಾಕ್ಟರ್ ಬಂದು ನಿಲ್ಲುತ್ತಾರೆ. ವಸ್ತುಸ್ಥಿತಿ ಹಾಗಿರಲಿಲ್ಲ. ಫ್ರೆಂಚ್ ಪಶ್ಚಿಮ ಆಫ್ರಿಕಾದ ವಸಾಹತು ಸರ್ಕಾರವು 1918ರಲ್ಲಿ ಇಂದಿನ ಸೆನೆಗಲ್‌ನ ಡಕಾರ್‌ನಲ್ಲಿ ಒಂದು ವೈದ್ಯಕೀಯ ಶಾಲೆಯನ್ನು ತೆರೆಯಿತು. ಆಫ್ರಿಕನ್ ಸಹಾಯಕ ವೈದ್ಯರು, ಔಷಧಿ ತಜ್ಞರು ಮತ್ತು ಸೂಲಗಿತ್ತಿಯರನ್ನು ತಯಾರು ಮಾಡುವುದು ಅದರ ಉದ್ದೇಶವಾಗಿತ್ತು. ಅಲ್ಲಿ ಸಿಗುತ್ತಿದ್ದ ಪ್ರಮಾಣಪತ್ರ ಫ್ರಾನ್ಸಿನ ವೈದ್ಯಪದವಿಗೆ ಸಮವಾಗಿರಲಿಲ್ಲ. ಅದನ್ನು ಪಡೆದವರು ಎಷ್ಟೇ ನುರಿತವರಾಗಿದ್ದರೂ ಸರ್ಕಾರಿ ಸೇವೆಯಲ್ಲಿ ಯುರೋಪಿಯನ್ ವೈದ್ಯರ ಕೈಕೆಳಗಿನ ದರ್ಜೆಯಲ್ಲಿಯೇ ಉಳಿಯಬೇಕಾಗಿತ್ತು.

ಗೊರೆ ದ್ವೀಪದ ವಿಲಿಯಂ ಪೊಂತಿ ಶಾಲೆಯಲ್ಲಿ ಓದಿ, ಬಳಿಕ ಡಕಾರ್‌ನ ಈ ಶಾಲೆಯಿಂದ 1925ರಲ್ಲಿ ಹೊರಬಂದ ಊಫ್ವೆ ಅದೇ ವರ್ಷ ಅಬಿಜಾನ್ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಅವರು ಸ್ಥಳೀಯ ವೈದ್ಯಕೀಯ ಸಿಬ್ಬಂದಿಯ ಸಂಘವೊಂದನ್ನು ಕಟ್ಟಿದರು. ಸರ್ಕಾರ ಅದನ್ನು ಕಾರ್ಮಿಕ ಸಂಘಟನೆ ಎಂದೇ ಅನುಮಾನಿಸಿತು. 1927ರಲ್ಲಿ ಅವರನ್ನು ಪಶ್ಚಿಮದ ಕಾಡುನಾಡಿನ ಗಿಗ್ಲೊ ಎಂಬಲ್ಲಿಗೆ ವರ್ಗ ಮಾಡಲಾಯಿತು. ಆ ಸಂಘದ ವಿಚಾರವನ್ನು ಒಂದು ಉಪವಾಕ್ಯದಲ್ಲಿ ಮುಗಿಸಬೇಡಿ. ಮುಂದೆ ಬೆಳೆಗಾರರ ಸಂಘ ಕಟ್ಟಿದ, ಪಕ್ಷ ಕಟ್ಟಿದ, ಸಂಸತ್ತಿನಲ್ಲಿ ಗುಂಪು ಕಟ್ಟಿದ ಮನುಷ್ಯರ ಮೊದಲ ಸಂಘಟನೆ ಆಸ್ಪತ್ರೆಯ ಒಳಗೇ, ದರ್ಜೆಯ ಅಸಮಾನತೆಯ ನಡುವೆಯೇ ಹುಟ್ಟಿತು ಎಂಬುದು ಇಡೀ ಚಿತ್ರಕ್ಕೆ ಕೀಲಿಯಂಥ ಸಂಗತಿ.

ಈ ಭಾಗವನ್ನು ಬರೆಯುವಾಗ ಮೂರು ಸಂಗತಿಗಳು ಸ್ಪಷ್ಟವಾಗಬೇಕು: ಶಿಕ್ಷಣ ಕೊಟ್ಟ ಸಂಸ್ಥೆ ಯಾರಿಗಾಗಿ ಇತ್ತು, ಆ ಪ್ರಮಾಣಪತ್ರದಿಂದ ಏನು ಮಾಡಲು ಸಾಧ್ಯವಿತ್ತು, ಏನು ಮಾಡಲು ಸಾಧ್ಯವಿರಲಿಲ್ಲ. ಬೇರೆ ನಾಯಕರ ಬಗ್ಗೆ ಬರೆಯುವವರಿಗೂ ಇದು ಅನ್ವಯಿಸುತ್ತದೆ. ದಕ್ಷಿಣ ಆಫ್ರಿಕಾದ ಅಲ್ಬರ್ಟಿನಾ ಸಿಸುಲು ದಾದಿಯಾಗಿ ತರಬೇತಿ ಪಡೆದದ್ದು ಜೊಹಾನ್ಸ್‌ಬರ್ಗ್‌ನಲ್ಲಿ ಬಿಳಿಯರಲ್ಲದವರಿಗಾಗಿ ಇದ್ದ ಆಸ್ಪತ್ರೆಯಲ್ಲಿ; ಆ ಒಂದು ವಿವರವಿಲ್ಲದೆ ‘ದಾದಿಯಾಗಿದ್ದರು, 1994ರಲ್ಲಿ ಸಂಸದರಾದರು’ ಎಂದು ಬರೆದರೆ ಓದುಗರಿಗೆ ಏನೂ ತಿಳಿಯುವುದಿಲ್ಲ.

ವರ್ಗಾವಣೆಯ ನಕ್ಷೆಯನ್ನು ಬರೆದುಕೊಳ್ಳಿ

ಸರ್ಕಾರಿ ವೈದ್ಯರ ಬದುಕನ್ನು ತಿಳಿಯಲು ವರ್ಗಾವಣೆಗಳ ಪಟ್ಟಿಯಷ್ಟು ಸಹಾಯ ಮಾಡುವ ದಾಖಲೆ ಬೇರೊಂದಿಲ್ಲ. ಒಂದು ಭೂಪಟವನ್ನು ಎದುರಿಗಿಟ್ಟುಕೊಂಡು ಊರುಗಳನ್ನು ಗುರುತಿಸಿ: 1925ರಲ್ಲಿ ಅಬಿಜಾನ್, 1927ರಲ್ಲಿ ಗಿಗ್ಲೊ, 1929ರಲ್ಲಿ ಅಬೆಂಗುರು, 1934ರಲ್ಲಿ ದಿಂಬೊಕ್ರೊ, 1936ರಲ್ಲಿ ತುಮೊದಿ. ಕರಾವಳಿಯ ಪಟ್ಟಣದಿಂದ ಪಶ್ಚಿಮದ ಕಾಡಿಗೆ, ಅಲ್ಲಿಂದ ಪೂರ್ವದ ಕೋಕೋ ಸೀಮೆಗೆ, ಮತ್ತೆ ನಡುನಾಡಿನ ತಮ್ಮದೇ ಬಾವುಲೆ ಪ್ರದೇಶಕ್ಕೆ ಅವರು ಬಂದರು. ಮುಂದೆ ಮತ ಕೇಳಲು ಹೊರಟಾಗ ಅವರಿಗೆ ನಾಡಿನ ಹಲವು ಭಾಗಗಳ ಜನ ಮೊದಲೇ ಪರಿಚಿತರಾಗಿದ್ದರು ಎಂಬುದು ಈ ನಕ್ಷೆಯಿಂದ ತಾನಾಗಿ ಗೊತ್ತಾಗುತ್ತದೆ. ಬರಹದಲ್ಲಿ ಅದನ್ನು ಹೊಗಳಿಕೆಯಾಗಿ ಹೇಳುವ ಅಗತ್ಯವಿಲ್ಲ; ಊರು ಮತ್ತು ವರ್ಷಗಳನ್ನು ಕ್ರಮವಾಗಿ ಇಟ್ಟರೆ ಸಾಕು.

ಇವುಗಳಲ್ಲಿ ಅಬೆಂಗುರು ಅತಿ ಮುಖ್ಯ. ಅದು ಆಗಿನ ಬ್ರಿಟಿಷ್ ಗೋಲ್ಡ್ ಕೋಸ್ಟ್‌ನ (ಇಂದಿನ ಘಾನಾ) ಗಡಿಗೆ ಹತ್ತಿರದ, ಆಗ್ನಿ ಜನರ ಕೋಕೋ ಸೀಮೆ. ಊಫ್ವೆ ಅಲ್ಲಿ ದುಡಿಯುತ್ತಿದ್ದ ವರ್ಷಗಳಲ್ಲಿ ಜಗತ್ತಿನ ಆರ್ಥಿಕ ಕುಸಿತ ಆರಂಭವಾಗಿತ್ತು. ಕೋಕೋ ಬೆಲೆ ಬಿದ್ದಿತ್ತು, ಖರೀದಿದಾರರು ಹೇಳಿದ ದರಕ್ಕೆ ಬೆಳೆಗಾರರು ತಲೆಬಾಗಬೇಕಾಗಿತ್ತು. ಸರ್ಕಾರಿ ವೈದ್ಯರಾಗಿದ್ದುಕೊಂಡೇ ಅವರು ಬೆಳೆಗಾರರ ಪರ ನಿಂತರು, 1932ರ ಡಿಸೆಂಬರ್‌ನಲ್ಲಿ ಈ ಶೋಷಣೆಯ ವಿರುದ್ಧ ಬೇರೆ ಹೆಸರಿನಲ್ಲಿ ಸಮಾಜವಾದಿ ಪತ್ರಿಕೆಯೊಂದಕ್ಕೆ ಲೇಖನವನ್ನೂ ಬರೆದರು. ರೋಗಿಯ ಮೈ ನೋಡಿದ ವೈದ್ಯರು ರೋಗಿಯ ತೋಟದ ಲೆಕ್ಕವನ್ನೂ ನೋಡಿದ್ದು ಇಲ್ಲಿಯೇ.

ದಕ್ಷಿಣ ಕನ್ನಡದ ಓದುಗರಿಗೆ ಕೋಕೋ ಕಾಯಿಯನ್ನು ಪರಿಚಯಿಸಬೇಕಾಗಿಲ್ಲ. ಅಡಿಕೆ ತೋಟದ ನೆರಳಿನಲ್ಲಿ ಅದನ್ನು ಬೆಳೆಯುವವರು ಅಲ್ಲಿ ಇದ್ದಾರೆ, ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಕೊಡಗು, ಚಿಕ್ಕಮಗಳೂರಿನವರಿಗೆ ರೊಬಸ್ಟಾ ಕಾಫಿಯ ಬೆಲೆಯ ಏರಿಳಿತವೂ ಗೊತ್ತು. ಐವರಿ ಕೋಸ್ಟ್ ಈ ಎರಡೂ ಬೆಳೆಗಳ ನಾಡು. ಆದ್ದರಿಂದ ಬೆಳೆಯ ವರ್ಣನೆಯನ್ನು ಬಿಟ್ಟು, ಅಲ್ಲಿನ ಖರೀದಿ ವ್ಯವಸ್ಥೆ ಯಾರ ಕೈಯಲ್ಲಿತ್ತು, ಕೂಲಿಯಾಳುಗಳು ಯಾರಿಗೆ ಸಿಗುತ್ತಿದ್ದರು, ಯಾರಿಗೆ ಸಿಗುತ್ತಿರಲಿಲ್ಲ ಎಂಬುದನ್ನೇ ನೇರವಾಗಿ ವಿವರಿಸಿ.

ಬಲವಂತದ ದುಡಿಮೆಯನ್ನು ಓದುಗರಿಗೆ ಅರ್ಥ ಮಾಡಿಸುವುದು

ಕಾನೂನಿನ ಮಹತ್ವ ತಿಳಿಯಬೇಕಾದರೆ ಅದು ಕೊನೆಗೊಳಿಸಿದ ಪದ್ಧತಿ ತಿಳಿದಿರಬೇಕು. ವಸಾಹತು ಆಡಳಿತವು ರಸ್ತೆ, ರೈಲುಮಾರ್ಗಗಳ ಕೆಲಸಕ್ಕೆ ಮಾತ್ರವಲ್ಲದೆ ಯುರೋಪಿಯನ್ನರ ಖಾಸಗಿ ತೋಟಗಳಿಗೂ ಹಳ್ಳಿಗಳಿಂದ ಆಳುಗಳನ್ನು ಎಳೆದು ತರುತ್ತಿತ್ತು. ಆಯಾ ಪ್ರದೇಶದ ಮುಖಂಡರು ಇಷ್ಟು ಮಂದಿಯನ್ನು ಒಪ್ಪಿಸಬೇಕೆಂದು ಲೆಕ್ಕ ಬರುತ್ತಿತ್ತು. ಒಪ್ಪದವರನ್ನು ‘ಆಂದಿಜೆನಾ’ ಎಂಬ ದಂಡನಾ ನಿಯಮಗಳ ಅಡಿಯಲ್ಲಿ ಅಧಿಕಾರಿಯೇ ವಿಚಾರಣೆಯಿಲ್ಲದೆ ಶಿಕ್ಷಿಸಬಹುದಿತ್ತು. 1932ರಲ್ಲಿ ಅಪ್ಪರ್ ವೋಲ್ಟಾ (ಇಂದಿನ ಬುರ್ಕಿನಾ ಫಾಸೊ) ವಸಾಹತನ್ನು ವಿಸರ್ಜಿಸಿ ಅದರ ದೊಡ್ಡ ಭಾಗವನ್ನು ಐವರಿ ಕೋಸ್ಟ್‌ಗೆ ಸೇರಿಸಿದ ಮೇಲೆ, ಉತ್ತರದ ಮೊಸ್ಸಿ ಜನರನ್ನು ದಕ್ಷಿಣದ ತೋಟಗಳಿಗೆ ಸಾಗಿಸುವುದು ಇನ್ನೂ ಸುಲಭವಾಯಿತು. ಆಫ್ರಿಕನ್ ಬೆಳೆಗಾರರಿಗೆ ಈ ಆಳುಗಳು ಸಿಗುತ್ತಿರಲಿಲ್ಲ. ಬದಲಿಗೆ ಅವರ ಮನೆಯವರನ್ನೂ ಕೆಲವೊಮ್ಮೆ ಬೆಳೆಗಾರರನ್ನೇ ಯುರೋಪಿಯನ್ ತೋಟಕ್ಕೆ ಬಿಟ್ಟಿ ದುಡಿಮೆಗೆ ಕರೆದೊಯ್ಯುವ ಸಾಧ್ಯತೆಯಿತ್ತು.

ಇಲ್ಲಿ ಬರೆಯುವವರು ಪ್ರಾಮಾಣಿಕತೆಯನ್ನು ಬಿಡಬಾರದು. ಊಫ್ವೆ ಬರೀ ಕರುಣೆಯಿಂದ ಹೋರಾಡಿದ ವೈದ್ಯರಲ್ಲ. ಅವರೇ ದೊಡ್ಡ ತೋಟಗಳ ಒಡೆಯರಾಗಿದ್ದರು. ಅಣ್ಣತಮ್ಮಂದಿರಲ್ಲಿ ಒಬ್ಬರಾದ ಒಗುಸ್ತಾಂ ತೀರಿಕೊಂಡ ಬಳಿಕ, 1940ರ ಹೊತ್ತಿಗೆ ಅವರು ವೈದ್ಯವೃತ್ತಿಯನ್ನು ಬಿಟ್ಟು, ನಮ್ಮ ಹೋಬಳಿಯನ್ನು ಹೋಲುವ ಕಾಂಟನ್ ಎಂಬ ಘಟಕದ ಮುಖಂಡರಾದರು. ಅಂದರೆ ಆಳುಗಳನ್ನು ಒಪ್ಪಿಸಬೇಕಾದ ಜಾಗದಲ್ಲಿಯೇ ಅವರು ಕುಳಿತರು. ವೈದ್ಯರಾಗಿ ಕಂಡ ನೋವು, ಬೆಳೆಗಾರರಾಗಿ ಅನುಭವಿಸಿದ ನಷ್ಟ, ಮುಖಂಡರಾಗಿ ಹೊರಬೇಕಾದ ಹೊಣೆ, ಈ ಮೂರೂ ಒಂದೇ ಕಡೆಗೆ ಬೆರಳು ತೋರಿಸಿದವು. ಸ್ವಂತ ಹಿತವೂ ಇತ್ತು ಎಂದು ಬರೆದರೆ ನಾಯಕರು ಸಣ್ಣವರಾಗುತ್ತಾರೆಂದು ಹೆದರುವ ಲೇಖಕರಿದ್ದಾರೆ. ಹಾಗೆ ಆಗುವುದಿಲ್ಲ. ಸ್ವಂತ ಹಿತವೂ ನ್ಯಾಯವೂ ಒಂದೇ ದಾರಿಯಲ್ಲಿ ಸೇರಿದಾಗಲೇ ಆ ಹೋರಾಟಕ್ಕೆ ಹಣ, ಸಂಘಟನೆ, ಬಾಳಿಕೆ ಮೂರೂ ದೊರೆತವು.

1944ರ ಸೆಪ್ಟೆಂಬರ್ 3ರಂದು ಊಫ್ವೆ ಮತ್ತು ಜೊತೆಗಾರರು ಆಫ್ರಿಕನ್ ಕೃಷಿಕರ ಸಂಘವನ್ನು ಸ್ಥಾಪಿಸಿದರು. ಅದೇ ವರ್ಷದ ಆರಂಭದಲ್ಲಿ ಕಾಂಗೋದ ಬ್ರಾಜವಿಲ್‌ನಲ್ಲಿ ಫ್ರಾನ್ಸಿನ ನಾಯಕ ಜನರಲ್ ಡಿಗಾಲ್ ಅವರ ಮುಂದಾಳುತನದಲ್ಲಿ ವಸಾಹತುಗಳ ಸುಧಾರಣೆಯ ಸಮ್ಮೇಳನ ನಡೆದಿತ್ತು. ಐವರಿ ಕೋಸ್ಟ್‌ನ ಗವರ್ನರ್ ಆಂದ್ರೆ ಲಾತ್ರಿಯ್ ಸುಧಾರಣೆಯ ಪರ ಇದ್ದರು. ಒಪ್ಪಿಗೆಯಿಂದ, ಕೂಲಿ ಅಥವಾ ಫಸಲಿನ ಪಾಲು ಕೊಟ್ಟು ಆಳುಗಳನ್ನು ಪಡೆಯಬಹುದು ಎಂಬುದನ್ನು ಈ ಸಂಘ ನಡೆಸಿ ತೋರಿಸಿತು. ಕಾನೂನು ಬರುವ ಮುನ್ನವೇ ಕಾನೂನಿನ ವಾದಕ್ಕೆ ಜೀವಂತ ಸಾಕ್ಷಿ ಸಿದ್ಧವಾಗಿತ್ತು. ಸಂಸತ್ತಿನ ಅಧ್ಯಾಯಕ್ಕೆ ಹೋಗುವ ಮುನ್ನ ಇದನ್ನು ಹೇಳಿರಲೇಬೇಕು.

ಕಾನೂನನ್ನು ಹಂತಹಂತವಾಗಿ ಬರೆಯುವುದು

‘ಸಂಸತ್ತಿನಲ್ಲಿ ಹೋರಾಡಿ ಕಾನೂನು ತಂದರು’ ಎಂಬಂಥ ವಾಕ್ಯವನ್ನು ಬರೆಯಬೇಡಿ. ಸಂಸದೀಯ ನಾಯಕರ ಬದುಕಿನಲ್ಲಿ ಚುನಾವಣೆ, ಸಮಿತಿ, ಮಸೂದೆ, ಮತ, ಪ್ರಕಟಣೆ ಎಂಬ ಹಂತಗಳಿರುತ್ತವೆ. ಪ್ರತಿ ಹಂತಕ್ಕೂ ದಿನಾಂಕವಿರುತ್ತದೆ, ಪ್ರತಿ ದಿನಾಂಕಕ್ಕೂ ಸುತ್ತಣ ಸನ್ನಿವೇಶವಿರುತ್ತದೆ. ಫ್ರಾನ್ಸಿನ ರಾಷ್ಟ್ರೀಯ ಸಭೆಯು ತನ್ನ ಹಳೆಯ ಸದಸ್ಯರ ವಿವರಗಳನ್ನು ‘ಸಿಕೊಮೊರ್’ ಎಂಬ ದತ್ತಾಂಶ ಸಂಗ್ರಹದಲ್ಲಿ ಇಟ್ಟಿದೆ, ನಾಲ್ಕನೆಯ ಗಣರಾಜ್ಯದ (1946ರಿಂದ 1958ರವರೆಗಿನ ಫ್ರೆಂಚ್ ಆಡಳಿತ ವ್ಯವಸ್ಥೆ) ಕಾಲದ ಕಲಾಪಗಳೂ ಅಂತರಜಾಲದಲ್ಲಿ ಸಿಗುತ್ತವೆ. ಫ್ರೆಂಚ್ ಬಾರದವರು ಯಂತ್ರಾನುವಾದದ ನೆರವನ್ನು ಪಡೆದರೂ ದಿನಾಂಕ, ಕಾನೂನಿನ ಸಂಖ್ಯೆ ಮತ್ತು ಹೆಸರುಗಳನ್ನು ಮೂಲದೊಡನೆ ಹೋಲಿಸಿ ನೋಡಬೇಕು.

ಚುನಾವಣೆಯಿಂದ ಆರಂಭಿಸಿ. 1945ರ ಚುನಾವಣೆಯಲ್ಲಿ ಎರಡು ಮತದಾರ ವರ್ಗಗಳಿದ್ದವು: ಫ್ರೆಂಚ್ ಪೌರರಿಗೆ ಒಂದು, ಪೌರತ್ವವಿಲ್ಲದ ಆಫ್ರಿಕನ್ನರಿಗೆ ಇನ್ನೊಂದು. ಎರಡನೆಯ ವರ್ಗದಲ್ಲಿ ಎಲ್ಲರಿಗೂ ಮತವಿರಲಿಲ್ಲ. ಮುಖಂಡರು, ನೌಕರರು, ಓದಿದವರು, ಮಾಜಿ ಸೈನಿಕರು ಮುಂತಾದ ಕೆಲವರಿಗಷ್ಟೇ ಆ ಹಕ್ಕಿತ್ತು. ಅಕ್ಟೋಬರ್ 21ರ ಮೊದಲ ಸುತ್ತಿನಲ್ಲಿ ತೀರ್ಮಾನವಾಗದೆ, ನವೆಂಬರ್ 4ರ ಎರಡನೆಯ ಸುತ್ತಿನಲ್ಲಿ ಊಫ್ವೆ ಅಲ್ಪ ಅಂತರದಿಂದ ಗೆದ್ದರು. ಇಡೀ ನಾಡು ಒಕ್ಕೊರಲಿನಿಂದ ಆರಿಸಿ ಕಳಿಸಿತು ಎಂಬ ಭಾವನೆ ಬರುವಂತೆ ಬರೆದರೆ ತಪ್ಪಾಗುತ್ತದೆ.

ಪ್ಯಾರಿಸ್‌ನಲ್ಲಿ ಅವರ ಜೊತೆಗಿದ್ದವರು ಯಾರೆಂಬುದನ್ನೂ ತಿಳಿಸಿ. ಸೆನೆಗಲ್‌ನ ವಕೀಲ ಲಾಮಿನ್ ಗೇ, ಕವಿಯೂ ಅಧ್ಯಾಪಕರೂ ಆಗಿದ್ದ ಲಿಯೊಪೋಲ್ಡ್ ಸೆಡಾರ್ ಸೆಂಗೋರ್, ಸೂಡಾನ್ ಎಂದು ಆಗ ಕರೆಯುತ್ತಿದ್ದ ಇಂದಿನ ಮಾಲಿಯ ಫಿಲಿ ದಾಬೊ ಸಿಸ್ಸೊಕೊ ಮೊದಲಾದವರು ಅದೇ ಸಭೆಯಲ್ಲಿದ್ದರು. ವಕೀಲರಾದ ಲಾಮಿನ್ ಗೇ ಪೌರತ್ವದ ಪ್ರಶ್ನೆಯನ್ನು ಹಿಡಿದರು, ಹಳ್ಳಿಗಾಡಿನ ವೈದ್ಯರಾಗಿದ್ದ ಊಫ್ವೆ ದುಡಿಯುವ ಮೈಯ ಪ್ರಶ್ನೆಯನ್ನು ಹಿಡಿದರು. ಇಬ್ಬರ ಹೆಸರಿನ ಕಾನೂನುಗಳೂ ಕೆಲವೇ ವಾರಗಳ ಅಂತರದಲ್ಲಿ ಬಂದವು. ವೃತ್ತಿಯು ಶಾಸನವನ್ನು ಹೇಗೆ ರೂಪಿಸುತ್ತದೆ ಎಂದು ತೋರಿಸಲು ಈ ಜೋಡಿಗಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಬರೆಯಿರಿ.

ಆಮೇಲೆ ಕಾನೂನಿನ ಪಠ್ಯವನ್ನು ಓದಿ. 1946ರ ಏಪ್ರಿಲ್ 11ರ 46-645ನೆಯ ಕಾನೂನು ಬಹಳ ಚಿಕ್ಕದು. ಕಡಲಾಚೆಯ ಪ್ರಾಂತಗಳಲ್ಲಿ ಬಲವಂತದ ಅಥವಾ ಕಡ್ಡಾಯದ ದುಡಿಮೆಯನ್ನು ಸಂಪೂರ್ಣವಾಗಿ ನಿಷೇಧಿಸಲಾಗಿದೆ ಎಂಬುದು ಅದರ ಮೊದಲ ವಿಧಿಯ ಸಾರ. ಒಪ್ಪದ ವ್ಯಕ್ತಿಯನ್ನು ನೇರವಾಗಿ ಅಥವಾ ಸುತ್ತುಬಳಸಿ ಕೆಲಸಕ್ಕೆ ಹಚ್ಚುವ, ಕೆಲಸದಲ್ಲಿ ಉಳಿಸಿಕೊಳ್ಳುವ ಎಲ್ಲ ದಾರಿಗಳನ್ನೂ ದಂಡನೀಯವಾಗಿಸುವ ಕಡೆಗೆ ಮುಂದಿನ ವಿಧಿ ನೋಡುತ್ತದೆ. ವಿನಾಯಿತಿಗಳ ಉದ್ದ ಪಟ್ಟಿಯಾಗಲಿ, ಹಲವು ವರ್ಷಗಳ ಗಡುವಾಗಲಿ ಅದರಲ್ಲಿ ಇರಲಿಲ್ಲ. ಪದ್ಧತಿಯನ್ನು ಮೆಲ್ಲಮೆಲ್ಲನೆ ಇಳಿಸಬೇಕೆಂದು ವಾದಿಸುವವರಿದ್ದ ಕಾಲದಲ್ಲಿ, 1945ರ ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ವಸಾಹತುಗಾರರು ಕ್ಯಾಮರೂನ್‌ನ ದುವಾಲದಲ್ಲಿ ಸೇರಿ ಸುಧಾರಣೆಗಳನ್ನು ವಿರೋಧಿಸಿದ್ದ ಕಾಲದಲ್ಲಿ, ಇಷ್ಟು ನೇರವಾದ ಪಠ್ಯವನ್ನು ಮಂಡಿಸಿ ಒಪ್ಪಿಸಿದ್ದೇ ಸಂಸದೀಯ ಕೌಶಲ.

ಇನ್ನೊಂದು ಸೂಕ್ಷ್ಮವನ್ನು ಬಿಡಬೇಡಿ. ಅದೇ ಸಭೆ ಸಿದ್ಧಪಡಿಸಿದ ಸಂವಿಧಾನದ ಕರಡು 1946ರ ಮೇ 5ರ ಜನಮತಗಣನೆಯಲ್ಲಿ ಬಿದ್ದುಹೋಯಿತು. ಹೊಸ ಸಭೆಗಾಗಿ ಜೂನ್‌ನಲ್ಲಿ ಮತ್ತೆ ಚುನಾವಣೆ ನಡೆಯಿತು. ಬಲವಂತದ ದುಡಿಮೆಯ ನಿಷೇಧ ಪ್ರತ್ಯೇಕ ಕಾನೂನಾಗಿ ಪ್ರಕಟವಾಗಿದ್ದರಿಂದ ಅದು ಕರಡಿನೊಂದಿಗೆ ಬೀಳದೆ ಉಳಿಯಿತು. ಕಾನೂನು ಜಾರಿಗೆ ಬಂದ ಸುದ್ದಿ ಮುಟ್ಟಿದಾಗ ಯುರೋಪಿಯನ್ ತೋಟಗಳಿಂದ ಆಳುಗಳು ಗುಂಪುಗುಂಪಾಗಿ ತಮ್ಮ ಊರುಗಳಿಗೆ ಹೊರಟರು. ಜೂನ್ ಚುನಾವಣೆಯಲ್ಲಿ ಊಫ್ವೆ ಅವರಿಗೆ ಸಿಕ್ಕ ಭಾರಿ ಗೆಲುವನ್ನು ಇದರ ಪಕ್ಕದಲ್ಲಿಯೇ ಹೇಳಿದರೆ ಓದುಗರಿಗೆ ಎರಡರ ಸಂಬಂಧ ಸ್ಪಷ್ಟವಾಗುತ್ತದೆ.

ಗುಂಪು, ಮೈತ್ರಿ ಮತ್ತು ದಮನದ ವರ್ಷಗಳು

ಒಬ್ಬ ಸಂಸದರು ನಾಯಕರಾಗುವುದು ಗುಂಪನ್ನು ಕಟ್ಟಿದಾಗ. 1946ರ ಏಪ್ರಿಲ್‌ನಲ್ಲಿ ಐವರಿ ಕೋಸ್ಟ್‌ನ ಡೆಮಾಕ್ರಟಿಕ್ ಪಕ್ಷ ಹುಟ್ಟಿತು. ಅಕ್ಟೋಬರ್‌ನಲ್ಲಿ ಬಮಾಕೊದಲ್ಲಿ ಹಲವು ವಸಾಹತುಗಳ ಪ್ರತಿನಿಧಿಗಳು ಸೇರಿ ಆಫ್ರಿಕನ್ ಡೆಮಾಕ್ರಟಿಕ್ ಒಕ್ಕೂಟವನ್ನು ಕಟ್ಟಿ ಊಫ್ವೆ-ಬ್ವಾನಿ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಫ್ರೆಂಚ್ ಸಮಾಜವಾದಿಗಳ ಒತ್ತಡದಿಂದಾಗಿ ಲಾಮಿನ್ ಗೇ ಮತ್ತು ಸೆಂಗೋರ್ ಆ ಸಮ್ಮೇಳನಕ್ಕೆ ಬರಲಿಲ್ಲ. ಒಕ್ಕೂಟದ ಸದಸ್ಯರು ಸಂಸತ್ತಿನಲ್ಲಿ ಕಮ್ಯುನಿಸ್ಟರೊಡನೆ ಹೊಂದಾಣಿಕೆ ಮಾಡಿಕೊಂಡರು. ಇದನ್ನು ಸಿದ್ಧಾಂತದ ಪ್ರಶ್ನೆಯಾಗಿ ಮಾತ್ರ ನೋಡುವುದು ಸಾಲದು: ಸಣ್ಣ ಗುಂಪುಗಳು ದೊಡ್ಡ ಗುಂಪಿಗೆ ಅಂಟಿಕೊಂಡರೆ ಮಾತ್ರ ಸಮಿತಿಗಳಲ್ಲಿ ಜಾಗ, ಮಾತಾಡಲು ಸಮಯ, ಮತದಾನದಲ್ಲಿ ಬೆಂಬಲ ಸಿಗುತ್ತಿತ್ತು.

1947ರಲ್ಲಿ ಕಮ್ಯುನಿಸ್ಟರು ಸರ್ಕಾರದಿಂದ ಹೊರಬಿದ್ದ ಮೇಲೆ ಈ ಹೊಂದಾಣಿಕೆಯೇ ಕುತ್ತಾಯಿತು. 1949ರ ಫೆಬ್ರವರಿಯಲ್ಲಿ ಪಕ್ಷದ ಮುಖಂಡರನ್ನು ಬಂಧಿಸಿ ಗ್ರಾಂ-ಬಾಸಾಂ ಸೆರೆಮನೆಯಲ್ಲಿ ಇಡಲಾಯಿತು. ಅವರ ಬಿಡುಗಡೆಗಾಗಿ ಡಿಸೆಂಬರ್ 24ರಂದು ಮಹಿಳೆಯರು ಸೆರೆಮನೆಯತ್ತ ಮೆರವಣಿಗೆ ನಡೆಸಿದರು. ಈ ಘಟನೆಗೆ ನಿಮ್ಮ ಬರಹದಲ್ಲಿ ಒಂದು ಪೂರ್ಣ ಪ್ಯಾರಾ ಸಲ್ಲಬೇಕು, ಏಕೆಂದರೆ ನಾಯಕರ ಜೀವನಚಿತ್ರಗಳಲ್ಲಿ ಚಳವಳಿಯನ್ನು ಹೊತ್ತ ಹೆಂಗಸರು ಬಹುಬೇಗ ಕಾಣೆಯಾಗುತ್ತಾರೆ. 1950ರ ಜನವರಿಯಲ್ಲಿ ದಿಂಬೊಕ್ರೊದಲ್ಲಿ, ಊಫ್ವೆ ಒಂದು ಕಾಲದಲ್ಲಿ ವೈದ್ಯರಾಗಿದ್ದ ಅದೇ ಊರಿನಲ್ಲಿ, ಗುಂಡಿಗೆ ಹಲವರು ಬಲಿಯಾದರು. ಊಫ್ವೆ ಅವರನ್ನು ಬಂಧಿಸುವ ಪ್ರಯತ್ನವೂ ನಡೆಯಿತು. ಸಂಸದರಿಗಿದ್ದ ವಿಶೇಷ ರಕ್ಷಣೆ ಅವರನ್ನು ಉಳಿಸಿತು.

ಇಲ್ಲಿ ಇನ್ನೊಬ್ಬ ವೈದ್ಯರನ್ನು ನೆನೆಯಲೇಬೇಕು. ವಿಕ್ತೋರ್ ಬಿಯಾಕಾ ಬೋಡಾ ಅವರೂ ಆಫ್ರಿಕನ್ ವೈದ್ಯರ ದರ್ಜೆಯವರು, 1948ರಲ್ಲಿ ಫ್ರಾನ್ಸಿನ ಮೇಲ್ಮನೆಗೆ ಐವರಿ ಕೋಸ್ಟ್‌ನಿಂದ ಆಯ್ಕೆಯಾದವರು. 1950ರ ಜನವರಿಯ ಕೊನೆಯಲ್ಲಿ ಬುವಾಫ್ಲೆ ಬಳಿ ಅವರು ಕಣ್ಮರೆಯಾದರು. ಅವರ ಅವಶೇಷಗಳು ಸಿಕ್ಕಿದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಒಂದೇ ವೃತ್ತಿ, ಒಂದೇ ಪಕ್ಷ, ಒಂದೇ ತಿಂಗಳು. ಒಬ್ಬರು ಉಳಿದು ಮುಂದೆ ಅಧ್ಯಕ್ಷರಾದರು, ಇನ್ನೊಬ್ಬರು ಮನೆಗೆ ಮರಳಲಿಲ್ಲ. ಗೆದ್ದವರ ಕಥೆಯನ್ನಷ್ಟೇ ಹೇಳದೆ ಇವರಿಗೂ ಜಾಗ ಕೊಡುವುದು ಬರೆಯುವವರ ಕರ್ತವ್ಯ ಎಂದು ನಾನು ಭಾವಿಸುತ್ತೇನೆ.

ಈ ದಮನದ ಬಳಿಕ ಊಫ್ವೆ-ಬ್ವಾನಿ ಕಮ್ಯುನಿಸ್ಟರಿಂದ ದೂರ ಸರಿದು, ಆಗ ಕಡಲಾಚೆಯ ಪ್ರಾಂತಗಳ ಮಂತ್ರಿಯಾಗಿದ್ದ ಫ್ರಾನ್ಸ್ವಾ ಮಿತರಾಂ ಅವರೊಡನೆ ಮಾತುಕತೆ ನಡೆಸಿ, ಅವರ ಪಕ್ಷದ ಜೊತೆ ಹೊಂದಾಣಿಕೆ ಮಾಡಿಕೊಂಡರು. ಒಕ್ಕೂಟದ ಎಡಪಂಥೀಯರಾದ ಗಾಬ್ರಿಯೆಲ್ ದಾರ್ಬುಸಿಯೆ ಇದನ್ನು ಕಟುವಾಗಿ ಟೀಕಿಸಿದರು. ದ್ರೋಹವೋ ದೂರದೃಷ್ಟಿಯೋ ಎಂಬ ತೀರ್ಪನ್ನು ಆತುರದಿಂದ ಕೊಡದೆ, ಎರಡೂ ಕಡೆಯ ವಾದವನ್ನು ಒಂದೊಂದು ವಾಕ್ಯದಲ್ಲಿ ಇಟ್ಟು ಮುಂದಕ್ಕೆ ಹೋಗಿ.

ಫ್ರಾನ್ಸಿನ ಆರೋಗ್ಯ ಮಂತ್ರಿ

1956ರಲ್ಲಿ ಫ್ರಾನ್ಸಿನ ಪ್ರಧಾನಿ ಗೀ ಮೊಲೆ ಅವರ ಸರ್ಕಾರದಲ್ಲಿ ಮಂತ್ರಿಯಾದ ಊಫ್ವೆ-ಬ್ವಾನಿ, ವಸಾಹತುಗಳಿಗೆ ಆಂತರಿಕ ಅಧಿಕಾರವನ್ನೂ ಎಲ್ಲ ವಯಸ್ಕರಿಗೆ ಒಂದೇ ವರ್ಗದ ಮತವನ್ನೂ ಕೊಟ್ಟ ಜೂನ್ 23ರ ಚೌಕಟ್ಟು ಕಾನೂನಿನ ರಚನೆಯಲ್ಲಿ ಪಾಲುಗೊಂಡರು. 1957ರ ನವೆಂಬರ್‌ನಿಂದ 1958ರ ಮೇವರೆಗೆ ಅವರು ಫ್ರಾನ್ಸಿನ ಸಾರ್ವಜನಿಕ ಆರೋಗ್ಯ ಮಂತ್ರಿಯಾಗಿದ್ದರು. ಫ್ರಾನ್ಸಿನಲ್ಲಿ ಮಾನ್ಯತೆಯಿಲ್ಲದ ಪ್ರಮಾಣಪತ್ರ ಹೊಂದಿದ್ದ ಸಹಾಯಕ ವೈದ್ಯರು ಆ ದೇಶದ ಆರೋಗ್ಯ ಇಲಾಖೆಯ ಮುಖ್ಯಸ್ಥರಾದರು. ಅವಧಿ ಚಿಕ್ಕದಾದ್ದರಿಂದ ಈ ಭಾಗ ಉದ್ದವಾಗಬಾರದು. ಮೊದಲಿಗೆ ದರ್ಜೆಯ ವಿಚಾರವನ್ನು ನೀವು ಚೆನ್ನಾಗಿ ಬರೆದಿದ್ದರೆ ಇಲ್ಲಿ ಎರಡು ವಾಕ್ಯ ಸಾಕು, ಓದುಗರಿಗೆ ಎಲ್ಲವೂ ಅರ್ಥವಾಗುತ್ತದೆ.

1960ರ ನಂತರದ ಸಭೆಯನ್ನು ಮರೆಯಬೇಡಿ

ಬಹಳಷ್ಟು ಲೇಖನಗಳು 1960ರ ಆಗಸ್ಟ್ 7ರ ಸ್ವಾತಂತ್ರ್ಯಕ್ಕೆ ಬಂದು, ಅಲ್ಲಿಂದ ನೇರವಾಗಿ ಆರ್ಥಿಕ ಏಳಿಗೆಗೆ ಹಾರುತ್ತವೆ. ಏಳಿಗೆ ನಿಜವೇ, 1970ರ ದಶಕದ ಕೊನೆಗೆ ಐವರಿ ಕೋಸ್ಟ್ ಜಗತ್ತಿನಲ್ಲಿ ಅತಿ ಹೆಚ್ಚು ಕೋಕೋ ಬೆಳೆಯುವ ದೇಶವಾಯಿತು. ಆದರೆ ನೀವು ಬರೆಯುತ್ತಿರುವುದು ಸಂಸದೀಯ ನಾಯಕರ ಬದುಕನ್ನು. ಆದ್ದರಿಂದ ಅವರು ಅಧಿಕಾರದಲ್ಲಿದ್ದಾಗ ಅವರ ದೇಶದ ಶಾಸನಸಭೆ ಹೇಗಿತ್ತು ಎಂದು ಕೇಳುವುದು ಅನಿವಾರ್ಯ. 1960ರಿಂದ 1980ರವರೆಗೆ ಒಂದೇ ಪಕ್ಷದ ಒಂದೇ ಪಟ್ಟಿ ಮತದಾರರ ಮುಂದಿರುತ್ತಿತ್ತು. 1980ರಲ್ಲಿ ಆ ಪಕ್ಷದೊಳಗೇ ಅಭ್ಯರ್ಥಿಗಳ ನಡುವೆ ಪೈಪೋಟಿಗೆ ಅವಕಾಶವಾಯಿತು. ಬೇರೆ ಪಕ್ಷಗಳು ಸ್ಪರ್ಧಿಸಿದ್ದು 1990ರಲ್ಲಿ ಮಾತ್ರ.

1963 ಮತ್ತು 1964ರಲ್ಲಿ ಸಂಚಿನ ಆರೋಪದ ಮೇಲೆ ಹಲವು ಸಹೋದ್ಯೋಗಿಗಳನ್ನು ಯಾಮುಸುಕ್ರೊದ ಅಸಾಬು ಸೆರೆಮನೆಯಲ್ಲಿ ಇರಿಸಲಾಯಿತು. ಅವರಲ್ಲಿ ಔಷಧಿ ತಜ್ಞರಾಗಿದ್ದ, ಹಿಂದೆ ಗ್ರಾಂ-ಬಾಸಾಂನಲ್ಲಿ ಫ್ರೆಂಚರ ಸೆರೆಯನ್ನೂ ಅನುಭವಿಸಿದ್ದ ಜಾಂ-ಬಾತಿಸ್ತ್ ಮೊಕೆ ಇದ್ದರು. ಆರೋಪಗಳಿಗೆ ಆಧಾರವಿರಲಿಲ್ಲ ಎಂದು ಊಫ್ವೆ-ಬ್ವಾನಿ ತಾವೇ ಮುಂದೆ ಒಪ್ಪಿಕೊಂಡರು, ಮೊಕೆ ಮತ್ತೆ ಮಂತ್ರಿಯಾದರು. ವಿಚಾರಣೆಯಿಲ್ಲದ ಶಿಕ್ಷೆಯ ಕಾಲವನ್ನು ಕಂಡು ಬಂದವರ ಕೈಯಲ್ಲಿ ಗುಪ್ತ ವಿಚಾರಣೆಗಳು ನಡೆದವು ಎಂಬುದನ್ನು ಬರೆಯಲು ಹಿಂಜರಿಯಬೇಡಿ. ಅದಕ್ಕಾಗಿ 1946ರ ಕಾನೂನಿನ ಬೆಲೆಯನ್ನು ಇಳಿಸಬೇಕಾಗಿಲ್ಲ, ಆ ಕಾನೂನಿನ ಹೆಸರಿನಲ್ಲಿ ಇದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಎರಡನ್ನೂ ದಿನಾಂಕ ಸಹಿತ ಹೇಳಿ, ಯಾವುದಕ್ಕೂ ವಿಶೇಷಣ ಅಂಟಿಸದೆ ಬಿಡುವುದು ಸರಿಯಾದ ದಾರಿ.

ಕೊನೆಯ ಭಾಗಕ್ಕೆ ಮತ್ತೆ ಕೋಕೋ ಬರುತ್ತದೆ. ಅಂತರರಾಷ್ಟ್ರೀಯ ಬೆಲೆ ಕುಸಿದಾಗ 1988ರಲ್ಲಿ ಸರ್ಕಾರ ಮಾರಾಟವನ್ನು ತಡೆಹಿಡಿದು ಬೆಲೆ ಏರಿಸಲು ನೋಡಿತು, ಅದು ಫಲಿಸಲಿಲ್ಲ. 1989ರಲ್ಲಿ ಬೆಳೆಗಾರರಿಗೆ ಕೊಡುವ ದರವನ್ನು ಅರ್ಧಕ್ಕೆ ಇಳಿಸಬೇಕಾಯಿತು. ಮರುವರ್ಷ ಬೀದಿಗಳಲ್ಲಿ ಪ್ರತಿಭಟನೆ ನಡೆದು ಬಹುಪಕ್ಷ ಪದ್ಧತಿಗೆ ಒಪ್ಪಿಗೆ ಸಿಕ್ಕಿತು. 1990ರ ಅಕ್ಟೋಬರ್‌ನಲ್ಲಿ ಊಫ್ವೆ-ಬ್ವಾನಿ ಮೊದಲ ಬಾರಿಗೆ ಎದುರಾಳಿಯೊಬ್ಬರನ್ನು, ಚರಿತ್ರೆಯ ಅಧ್ಯಾಪಕ ಲೊರಾಂ ಬಾಗ್ಬೊ ಅವರನ್ನು, ಅಧ್ಯಕ್ಷ ಚುನಾವಣೆಯಲ್ಲಿ ಎದುರಿಸಿ ಗೆದ್ದರು. ನವೆಂಬರ್‌ನ ಶಾಸನಸಭಾ ಚುನಾವಣೆಯಲ್ಲಿ ಅವರ ಪಕ್ಷಕ್ಕೆ 175ರಲ್ಲಿ 163 ಸ್ಥಾನಗಳು ಬಂದವು, ಬಾಗ್ಬೊ ಅವರ ಪಕ್ಷ 9 ಸ್ಥಾನಗಳೊಂದಿಗೆ ಸಭೆಯನ್ನು ಪ್ರವೇಶಿಸಿತು.

ಅದೇ ತಿಂಗಳು ಸಂವಿಧಾನದ 11ನೆಯ ವಿಧಿಯನ್ನು ತಿದ್ದಿ, ಅಧ್ಯಕ್ಷರ ಸ್ಥಾನ ತೆರವಾದರೆ ಉಳಿದ ಅವಧಿಗೆ ರಾಷ್ಟ್ರೀಯ ಸಭೆಯ ಅಧ್ಯಕ್ಷರು ಆ ಹೊಣೆಯನ್ನು ಹೊರಬೇಕೆಂದು ಗೊತ್ತುಪಡಿಸಲಾಯಿತು. ಜೀವನಚಿತ್ರದ ಕೊನೆಯ ಪ್ಯಾರಾವನ್ನು ಈ ವಿಧಿಯಿಂದ ಕಟ್ಟಿ. 1993ರ ಡಿಸೆಂಬರ್ 7ರಂದು ಊಫ್ವೆ-ಬ್ವಾನಿ ತೀರಿಕೊಂಡ ಸಂಜೆಯೇ, 1980ರಿಂದ ಆ ಸಭೆಯ ಅಧ್ಯಕ್ಷರಾಗಿದ್ದ ಆಂರಿ ಕೊನಾನ್ ಬೆದಿಯೆ ದೂರದರ್ಶನದಲ್ಲಿ ಕಾಣಿಸಿಕೊಂಡು, 11ನೆಯ ವಿಧಿಯ ಪ್ರಕಾರ ತಾವು ದೇಶದ ಅಧ್ಯಕ್ಷಸ್ಥಾನವನ್ನು ವಹಿಸಿಕೊಳ್ಳುತ್ತಿರುವುದಾಗಿ ಘೋಷಿಸಿದರು. ಪ್ರಧಾನಿ ಅಲಸಾನ್ ವಾತಾರಾ ಎರಡು ದಿನಗಳ ಬಳಿಕ ರಾಜೀನಾಮೆ ಕೊಟ್ಟರು.